ಮೊದಲ ವರ್ಷದಲ್ಲೇ ಗೊಜಿರಾ ಬೇಕೇ? ಪರ – ವಿರೋಧ

ಜಪಾನ್, ಕೊರಿಯಾ, ಚೀನಾಗಳ ಜನಪ್ರಿಯ ಸಿನಿಮಾ, ಚಿತ್ರಕಥೆ, ಧಾರಾವಾಹಿ ಮತ್ತು ಕಥನ ಪರಂಪರೆಗಳನ್ನು ಪದವಿಗೆ ಈಗಷ್ಟೇ ಸೇರಿದ ವಿದ್ಯಾರ್ಥಿಗೆ ಮೊದಲ ವರ್ಷದಲ್ಲೇ ಒಂದು ವಿಷಯವಾಗಿ ಕಲಿಸಬಹುದೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ಜಪಾನಿನ ಅನಿಮೇಷನ್ ಆದ ಅನಿಮೆಯನ್ನೂ ಕೊರಿಯನ್ ಧಾರಾವಾಹಿಗಳನ್ನೂ ಮೊಬೈಲಿನಲ್ಲಿ ನೋಡುತ್ತಲೇ ಬೆಳೆದ ಹುಡುಗ ಹುಡುಗಿಯರು ಇಂದು ಪದವಿ ತರಗತಿಗೆ ಬರುತ್ತಿದ್ದಾರೆ. ತಮಗೆ ಚೆನ್ನಾಗಿ ಗೊತ್ತಿದೆ ಎಂದು ಅವರು ನಂಬಿರುವ ವಸ್ತುವನ್ನೇ ಮುಂದಿಟ್ಟು ಅದರೊಳಗೆ ಅವರು ಕಾಣದೆ ಹೋದದ್ದನ್ನು ತೋರಿಸಲು ಮೊದಲ ವರ್ಷಕ್ಕಿಂತ ಒಳ್ಳೆಯ ಕಾಲವಿಲ್ಲ. ಮೂರನೆಯ ವರ್ಷದ ಹೊತ್ತಿಗೆ ನೋಡುವ ರೂಢಿ ಗಟ್ಟಿಯಾಗಿಬಿಟ್ಟಿರುತ್ತದೆ.

ಗೊಜಿರಾ, ಅಂದರೆ ನಾವು ಗಾಡ್ಜಿಲಾ ಎನ್ನುವ ದೈತ್ಯನ ಚಿತ್ರವನ್ನೇ ತೆಗೆದುಕೊಳ್ಳೋಣ. 1954ರ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ವಿಕಿರಣಭರಿತ ಬೂದಿ ಜಪಾನಿನ ಮೀನುಗಾರಿಕೆ ದೋಣಿಯೊಂದರ ಮೇಲೆ ಉದುರಿ, ಅದರಲ್ಲಿದ್ದ 23 ಮಂದಿ ಅಸ್ವಸ್ಥರಾದರು. ಅದೇ ವರ್ಷದ ನವೆಂಬರಿನಲ್ಲಿ ತೆರೆಕಂಡ ಚಿತ್ರವು ಸಮುದ್ರದಲ್ಲಿ ಕಣ್ಣು ಕೋರೈಸುವ ಬೆಳಕು ಹೊಮ್ಮಿ ಹಡಗೊಂದು ಉರಿದುಹೋಗುವ ದೃಶ್ಯದಿಂದ ಆರಂಭವಾಗುವುದರ ಅರ್ಥ ಅಂದಿನ ಪ್ರೇಕ್ಷಕನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. 1956ರಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆಂದು ಅದನ್ನು ಮರುಸಂಕಲನ ಮಾಡಿದಾಗ ಅಮೆರಿಕನ್ ಪತ್ರಕರ್ತನೊಬ್ಬನ ಪಾತ್ರವನ್ನು ಹೊಸದಾಗಿ ತೂರಿಸಿ, ಬಾಂಬಿನ ಪ್ರಸ್ತಾಪಗಳಲ್ಲಿ ಬಹಳಷ್ಟನ್ನು ಮೊಂಡಾಗಿಸಲಾಯಿತು. ಎರಡು ಪ್ರತಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿಸಿದರೆ ಸಂಕಲನ, ಸೆನ್ಸಾರ್, ಮಾರುಕಟ್ಟೆ, ಯುದ್ಧದ ನೆನಪು ಎಂಬ ನಾಲ್ಕು ಪಾಠಗಳು ಎರಡು ತರಗತಿಗಳಲ್ಲಿ ಮುಗಿಯುತ್ತವೆ. ಸಿದ್ಧಾಂತದ ದಪ್ಪ ಪುಸ್ತಕದಿಂದ ಇಷ್ಟು ಬೇಗ ಇಷ್ಟನ್ನು ಕಲಿಸಿದವರನ್ನು ನಾನಂತೂ ಕಂಡಿಲ್ಲ.

ಕಥೆಯ ರೂಪವನ್ನು ಅದು ಹೊರಬರುವ ದಾರಿಯೇ ತಿದ್ದುತ್ತದೆ ಎಂಬುದಕ್ಕೂ ಇಷ್ಟು ನಿಚ್ಚಳವಾದ ಉದಾಹರಣೆಗಳು ಬೇರೆಡೆ ವಿರಳ. 1930ರ ದಶಕದ ಜಪಾನಿನಲ್ಲಿ ಸೈಕಲ್ಲಿನ ಮೇಲೆ ಮರದ ಚೌಕಟ್ಟನ್ನು ಹೊತ್ತು ಬೀದಿಗೆ ಬರುತ್ತಿದ್ದ ಕಾಮಿಶಿಬಾಯಿ ಕಥೆಗಾರನು ಮೊದಲು ಮಕ್ಕಳಿಗೆ ಮಿಠಾಯಿ ಮಾರಿ, ಆಮೇಲೆ ಚಿತ್ರದ ಹಾಳೆಗಳನ್ನು ಒಂದೊಂದಾಗಿ ಸರಿಸುತ್ತ ಕಥೆ ಹೇಳುತ್ತಿದ್ದನು. ಅವನ ಸಂಪಾದನೆ ಮಿಠಾಯಿಯಿಂದ ಬರುತ್ತಿದ್ದುದರಿಂದ, ಮಕ್ಕಳು ನಾಳೆಯೂ ಬರುವಂತೆ ಕಥೆಯನ್ನು ಕುತೂಹಲದ ತುದಿಯಲ್ಲಿ ನಿಲ್ಲಿಸುವುದು ಅವನ ಹೊಟ್ಟೆಪಾಡಾಗಿತ್ತು. 1968ರಲ್ಲಿ ಆರಂಭವಾಗಿ, 1990ರ ದಶಕದ ನಡುವೆ 60 ಲಕ್ಷಕ್ಕೂ ಮಿಕ್ಕಿ ಪ್ರತಿಗಳ ಪ್ರಸಾರ ಕಂಡ ಶೋನೆನ್ ಜಂಪ್ ಪತ್ರಿಕೆಯು ಓದುಗರ ಮತಗಳನ್ನು ಎಣಿಸಿ ಯಾವ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಮುಂದುವರಿಯಬೇಕೆಂದು ತೀರ್ಮಾನಿಸಿದ್ದು ಅದೇ ಬುದ್ಧಿಯ ದೊಡ್ಡ ರೂಪ. ಮೊಬೈಲಿನಲ್ಲಿ ಓದುವ ಚಿತ್ರಕಥೆಗಳಾದ ಕೊರಿಯಾದ ವೆಬ್‌ಟೂನ್‌ಗಳಲ್ಲಿ ಪುಟವೇ ಇಲ್ಲ. ಬೆರಳು ಮೇಲಕ್ಕೆ ಸರಿಸುವಾಗ ಎರಡು ಚಿತ್ರಗಳ ನಡುವೆ ಬರುವ ಖಾಲಿ ಜಾಗವೇ ಕಾಲವಾಗುತ್ತದೆ.

ಇಮ್ಮಡಿ ಪುಲಕೇಶಿಯ ಪಾಠದಲ್ಲಿ ನಮ್ಮ ಮಕ್ಕಳು ಭೇಟಿಯಾಗುವ ಹ್ಯೂಯೆನ್ ತ್ಸಾಂಗ್ 16ನೆಯ ಶತಮಾನದ ಚೀನೀ ಕಾದಂಬರಿಯಲ್ಲಿ ವಾನರನೊಬ್ಬನನ್ನು ಜೊತೆಗಿಟ್ಟುಕೊಂಡ ಯಾತ್ರಿಕನಾಗುತ್ತಾನೆ. ಆ ವಾನರನ ಹೆಸರಿನ ಜಪಾನಿ ಉಚ್ಚಾರವನ್ನೇ ಹೊತ್ತ ನಾಯಕ ಗೋಕು 1984ರಿಂದ ಡ್ರ್ಯಾಗನ್ ಬಾಲ್ ಮಾಂಗಾದಲ್ಲಿ ಹಾರಾಡುತ್ತಾನೆ. ಈ ಸರಪಳಿಯ ಒಂದು ತುದಿ ಬಾದಾಮಿಯ ಅರಸನ ಕಾಲಕ್ಕೆ ತಾಗಿದೆ ಎಂದು ಹದಿನೆಂಟರ ವಯಸ್ಸಿನಲ್ಲಿ ತಿಳಿಯುವುದರ ಸುಖವೇ ಬೇರೆ.

ವಿರೋಧ

ವಿಷಯದ ಬಗ್ಗೆ ನನಗೆ ತಕರಾರಿಲ್ಲ, ಅದನ್ನು ಮೊದಲ ವರ್ಷಕ್ಕೆ ತಂದಿಡುವುದರ ಬಗ್ಗೆ ಇದೆ. ಕೊರಿಯನ್ ಧಾರಾವಾಹಿಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಸನ್ನಿವೇಶವುಂಟು: ಪರಿಚಯ ಬೆಳೆದ ಇಬ್ಬರಲ್ಲಿ ಒಬ್ಬರು, ಇನ್ನು ಮುಂದೆ ಬಹುವಚನ ಬಿಟ್ಟು ಮಾತಾಡೋಣವೇ ಎಂದು ಕೇಳುತ್ತಾರೆ. ಅಲ್ಲಿ ಸರ್ವನಾಮಕ್ಕಿಂತ ಕ್ರಿಯಾಪದದ ತುದಿ ಬದಲಾಗುತ್ತದೆ, ನಮ್ಮ ‘ಬನ್ನಿ’ ‘ಬಾ’ ಆದಂತೆ. ಇಂಗ್ಲಿಷ್ ಅಡಿಬರಹದಲ್ಲಿ ಎರಡೂ ಒಂದೇ. ಈ ಸೂಕ್ಷ್ಮವನ್ನು ಹಿಡಿಯಲು ಕನ್ನಡದ ವಿದ್ಯಾರ್ಥಿಗೆ ಹುಟ್ಟಿನಿಂದಲೇ ಕಿವಿಯಿದೆ, ಆದರೆ ಭಾಷೆಯ ಅಕ್ಷರವೂ ಬಾರದೆ ಇಂಗ್ಲಿಷಿನ ಸಾಲನ್ನೇ ಓದುತ್ತ ಕುಳಿತರೆ ಆ ಕಿವಿ ಕೆಲಸಕ್ಕೆ ಬರುವುದಿಲ್ಲ. ಸಾಹಿತ್ಯದ ತರಗತಿಯಲ್ಲಿ ಅನುವಾದವನ್ನಷ್ಟೇ ಓದಿ ಮೂಲದ ಶೈಲಿಯ ಮೇಲೆ ಪ್ರಬಂಧ ಬರೆದರೆ ಒಪ್ಪದ ನಾವು ಸಿನಿಮಾಕ್ಕೆ ಮಾತ್ರ ಈ ರಿಯಾಯಿತಿ ಕೊಡುತ್ತಿದ್ದೇವೆ.

‘ಪೂರ್ವ ಏಷ್ಯಾ’ ಎಂಬ ಬುಟ್ಟಿಯೂ ಅಷ್ಟು ಸರಳವಲ್ಲ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ವಸಾಹತಾಗಿತ್ತು. ಆ ಗಾಯದಿಂದಾಗಿ ದಕ್ಷಿಣ ಕೊರಿಯಾದಲ್ಲಿ ಜಪಾನಿ ಸಿನಿಮಾ, ಹಾಡು, ಮಾಂಗಾಗಳಿಗೆ ದಶಕಗಳ ಕಾಲ ಬಾಗಿಲು ಮುಚ್ಚಿದ್ದು, 1998ರಿಂದ ಹಂತಹಂತವಾಗಿ ತೆರೆಯಲಾಯಿತು. ಆ ನಿಷೇಧದ ನಡುವೆಯೂ ಜಪಾನಿ ಅನಿಮೇಷನ್ ಕೊರಿಯನ್ ಹೆಸರುಗಳನ್ನು ಹೊತ್ತು ಅಲ್ಲಿನ ಟಿವಿಯಲ್ಲಿ ಬರುತ್ತಲೇ ಇತ್ತು, ಎಷ್ಟೋ ಮಕ್ಕಳು ಅದನ್ನು ತಮ್ಮದೇ ದೇಶದ್ದೆಂದುಕೊಂಡು ನೋಡಿದರು. ಒಂದು ಸೆಮಿಸ್ಟರಿನಲ್ಲಿ ಮೂರು ದೇಶಗಳಿಗೆ ನಾಲ್ಕು ನಾಲ್ಕು ವಾರ ಹಂಚಿದರೆ ಈ ಕಥೆಗೆ ಒಂದು ಗಂಟೆಯೂ ಉಳಿಯದೆ, ಮೂವರೂ ಒಂದೇ ಮನೆಯ ಅಣ್ಣತಮ್ಮಂದಿರಂತೆ ತೋರುತ್ತಾರೆ.

ಇಂಥ ಅವಸರ ಘೋಷಣೆಗಳನ್ನು ಹುಟ್ಟಿಸುತ್ತದೆ. ಚೀನಾದ ನಾಲ್ಕು ಸಾಲಿನ ಕವಿತೆಯಿಂದ ಬಂದ ‘ಕಿ-ಶೋ-ತೆನ್-ಕೆತ್ಸು’ ಎಂಬ ನಾಲ್ಕು ಹಂತದ ಕ್ರಮವು ಜಪಾನಿನ ನಾಲ್ಕು ಚೌಕದ ಹಾಸ್ಯಚಿತ್ರಗಳಿಗೆ ಚೆನ್ನಾಗಿ ಹೊಂದುತ್ತದೆ, ನಿಜ. ಅಷ್ಟನ್ನು ಹಿಡಿದುಕೊಂಡು ‘ಪೂರ್ವದ ಕಥೆಗಳಲ್ಲಿ ಸಂಘರ್ಷವೇ ಇಲ್ಲ’ ಎಂದು ಬರೆಯುವ ವಿದ್ಯಾರ್ಥಿಗೆ, 108 ಮಂದಿ ದಂಗೆಕೋರರು ಸೇರಿ ಸರ್ಕಾರದ ಸೈನ್ಯದೊಂದಿಗೆ ಕಾದಾಡುವ ಚೀನಾದ ಪ್ರಾಚೀನ ಕಾದಂಬರಿಯನ್ನು ಯಾರು ಓದಿಸುತ್ತಾರೆ?

ಪಠ್ಯವನ್ನು ಆರಿಸುವವರು ಯಾರು ಎಂಬುದೂ ಕೇಳಬೇಕಾದ ಮಾತು. ಒಟಿಟಿಯಲ್ಲಿ ಅಡಿಬರಹದೊಡನೆ ಸಿಕ್ಕಿದ್ದೇ ಪಠ್ಯವಾದಾಗ, ಒಬ್ಬ ಗಾಯಕ ಅಥವಾ ಗಾಯಕಿ ಒಬ್ಬನೇ ಮದ್ದಲೆಗಾರನ ಜೊತೆ ಗಂಟೆಗಟ್ಟಲೆ ಕಥೆ ಹಾಡುವ ಕೊರಿಯಾದ ಪಾನ್ಸೊರಿಯೂ, ದಿಂಬಿನ ಮೇಲೆ ಕುಳಿತು ಬರಿಯ ಬೀಸಣಿಗೆ, ಕೈವಸ್ತ್ರಗಳಿಂದ ಇಡೀ ಬೀದಿಯನ್ನೇ ಕಣ್ಣಿಗೆ ಕಟ್ಟಿಸುವ ಜಪಾನಿನ ರಾಕುಗೊವೂ ಹೊರಗೆ ಉಳಿಯುತ್ತವೆ. ತಾಳಮದ್ದಳೆ, ಹರಿಕಥೆಗಳನ್ನು ಕೇಳಿ ಬೆಳೆದವರಿಗೆ ಹತ್ತಿರವಾಗಬಹುದಾಗಿದ್ದ ರೂಪಗಳು ಇವೇ ಎನ್ನುವುದು ನನ್ನ ಬೇಸರ.

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಜಪಾನಿ, ಕೊರಿಯನ್, ಚೀನೀ ಪದವಿಗಳು ಭಾಷಾ ಕಲಿಕೆಯಿಂದಲೇ ಆರಂಭವಾಗುತ್ತವೆ. ಆ ಕ್ರಮವೇ ಸರಿ. 1446ರಲ್ಲಿ ಘೋಷಿತವಾದ ಹಂಗುಲ್ ಲಿಪಿಯಲ್ಲಿ ಇಂದು ಇರುವುದು 24 ಮೂಲಾಕ್ಷರಗಳು, ಕಾಗುಣಿತ ಕಲಿತ ಕೈಗೆ ಅದು ಹೆಚ್ಚು ದಿನಗಳ ಕೆಲಸವಲ್ಲ. ಮೊದಲ ವರ್ಷವನ್ನು ಭಾಷೆಗೆ ಕೊಟ್ಟು, ಎರಡನೆಯ ವರ್ಷ ಆ ಧಾರಾವಾಹಿಯ ದೃಶ್ಯವನ್ನು ಅಡಿಬರಹ ಮುಚ್ಚಿ ತೋರಿಸಿದರೆ, ‘ಬನ್ನಿ’ ಎಲ್ಲಿ ‘ಬಾ’ ಆಯಿತೆಂದು ಹಿಂದಿನ ಬೆಂಚಿನಿಂದಲೂ ಒಂದು ಕೈ ಮೇಲೇಳಬಹುದು.