ವಾರೆಂಟಿಗಿಂತ ಹೆಚ್ಚು ಅಂಜಬೇಕಾದದ್ದು ಬಾಯಿಮಾತಿನ ಕರೆಗೆ

ಪೊಲೀಸರು ವಾರೆಂಟ್ ಹಿಡಿದು ಮನೆ ಬಾಗಿಲಿಗೆ ಬಂದರೆ ಮಾನ ಹೋಯಿತೆಂದು ಕುಸಿದು ಕೂರುವ ನಮ್ಮ ಜಿಲ್ಲೆಯ ಜನ, ಅದೇ ಠಾಣೆಯಿಂದ ‘ಒಂದ್ಸಲ ಬಂದು ಹೋಗಿ’ ಎಂದು ಫೋನ್ ಬಂದರೆ ಏಕೆ, ಏನು ಎಂದೂ ಕೇಳದೆ ಅಂಗಿ ತೊಟ್ಟು ಹೊರಟುಬಿಡುತ್ತಾರೆ. ಹಾಸನ ಜಿಲ್ಲೆಯ ನ್ಯಾಯಾಲಯ ಕಚೇರಿಗಳಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ ಈ ಭಯ ತಲೆಕೆಳಗಾಗಿದೆ ಎಂದು ಬಹಳ ಕಾಲದಿಂದ ಅನ್ನಿಸುತ್ತಿದೆ. ವಾರೆಂಟಿಗೆ ಸಹಿ ಹಾಕಿದ ನ್ಯಾಯಾಧೀಶರೊಬ್ಬರು ಇರುತ್ತಾರೆ. ಫೋನ್ ಕರೆಗೆ ನಾಳೆ ಹೊಣೆ ಹೊರುವವರು ಯಾರೂ ಇರುವುದಿಲ್ಲ.

ವಾರೆಂಟ್ ಸಿದ್ಧವಾಗುವ ಬಗೆಯನ್ನು ಹತ್ತಿರದಿಂದ ಕಂಡವರಿಗೆ ಅದರ ಮೇಲೆ ಒಂದು ಬಗೆಯ ಗೌರವವೇ ಹುಟ್ಟುತ್ತದೆ. ಆರೋಪಿಯ ಹೆಸರು, ತಂದೆಯ ಹೆಸರು, ಗ್ರಾಮ, ಹೋಬಳಿ, ಪ್ರಕರಣದ ಸಂಖ್ಯೆ, ಅಪರಾಧದ ಕಲಂ, ಮುಂದಿನ ವಾಯಿದೆ ಎಲ್ಲವನ್ನೂ ಅದರಲ್ಲಿ ತುಂಬಬೇಕು. ಒಂದೇ ಊರಿನಲ್ಲಿ ಮೂವರು ಮಂಜೇಗೌಡರಿರುವ ನಮ್ಮ ಕಡೆ ತಂದೆಯ ಹೆಸರನ್ನು ಬಿಟ್ಟು ವಾರೆಂಟ್ ಬರೆದರೆ ಯಾರ ಮನೆಯ ಬಾಗಿಲು ತಟ್ಟುತ್ತಾರೋ ಹೇಳಲಾಗದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಂ ಪ್ರಕಾರ ವಾರೆಂಟ್ ಬರಹದಲ್ಲಿರಬೇಕು, ಪೀಠಾಧಿಕಾರಿಯ ಸಹಿ ಇರಬೇಕು, ನ್ಯಾಯಾಲಯದ ಮೊಹರು ಇರಬೇಕು. ಜಾರಿ ಮಾಡುವ ಪೊಲೀಸರು ಅದರ ಸಾರಾಂಶವನ್ನು ಹೇಳಬೇಕು, ಕೇಳಿದರೆ ಕಾಗದವನ್ನೇ ತೋರಿಸಬೇಕು ಎಂದು 77ನೇ ಕಲಂ ಹೇಳುತ್ತದೆ. ಹೀಗೆ ಬಂಧಿತರಾದವರನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ನ್ಯಾಯಾಲಯದ ಮುಂದೆ ನಿಲ್ಲಿಸಬೇಕು.

ಚೆಕ್ ಬೌನ್ಸ್ ಪ್ರಕರಣಗಳಲ್ಲಿ ವಾಯಿದೆ ತಪ್ಪಿಸಿಕೊಂಡು ವಾರೆಂಟ್ ಹೊರಡಿಸಿಕೊಂಡ ಎಷ್ಟೋ ಮಂದಿಗೆ ವಕೀಲರ ಮೂಲಕ ರೀಕಾಲ್ ಅರ್ಜಿ ಹಾಕಿ ಅದನ್ನು ರದ್ದುಪಡಿಸಿಕೊಳ್ಳಬಹುದು ಎಂಬುದೇ ತಿಳಿದಿರುವುದಿಲ್ಲ. ಮೊದಲು ಸಮನ್ಸ್, ಆಮೇಲೆ ಜಾಮೀನು ಸಹಿತ ವಾರೆಂಟ್, ಅದಕ್ಕೂ ಬಗ್ಗದಿದ್ದರೆ ಮಾತ್ರ ಜಾಮೀನುರಹಿತ ವಾರೆಂಟ್ ಎಂಬ ಕ್ರಮವನ್ನು ಸಾಮಾನ್ಯವಾಗಿ ಪಾಲಿಸಬೇಕೆಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ರದ್ದಾದ ವಾರೆಂಟಿನದು ಬೇರೆಯೇ ಕಥೆ. ಮುಂಬೈನ ವಕೀಲರೊಬ್ಬರ ಮೇಲಿದ್ದ ವಾರೆಂಟನ್ನು ನ್ಯಾಯಾಲಯ ರದ್ದುಪಡಿಸಿದ ಮೇಲೂ ಪೊಲೀಸರು ಅವರನ್ನು 2002ರ ಆಗಸ್ಟ್ 15ರಂದು, ಸ್ವಾತಂತ್ರ್ಯ ದಿನವೇ, ಬಂಧಿಸಿದ್ದರು. ಆ ಪ್ರಕರಣದಲ್ಲಿ 2011ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಸಂಖ್ಯೆ ಮುದ್ರಿಸಿದ ನಮೂನೆಯಲ್ಲೇ ವಾರೆಂಟ್ ಹೊರಡಿಸಬೇಕು, ನ್ಯಾಯಾಲಯದಲ್ಲೂ ಠಾಣೆಯಲ್ಲೂ ಅದಕ್ಕೆ ರಿಜಿಸ್ಟರ್ ಇಡಬೇಕು ಎಂದು ಸೂಚಿಸಿತು. ರಿಜಿಸ್ಟರುಗಳು ಬಂದವು, ಸರಿ. ಆದರೂ ವಾರೆಂಟ್ ರೀಕಾಲ್ ಮಾಡಿಸಿದವರು ಆದೇಶದ ದೃಢೀಕೃತ ಪ್ರತಿಯೊಂದನ್ನು ಕೆಲವು ತಿಂಗಳು ಜೇಬಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ದೋಷಗಳಿದ್ದರೂ ವಾರೆಂಟ್ ಪ್ರಶ್ನಿಸಬಹುದಾದ ದಾಖಲೆ. ನನ್ನ ಪರಿಚಯದ, ಅರವತ್ತು ದಾಟಿದ ರೈತರೊಬ್ಬರಿಗೆ ಆದದ್ದನ್ನು ನೋಡಿ. ಪಕ್ಕದ ಜಮೀನಿನವರ ಜೊತೆ ಬೇಲಿ ಜಗಳವಾಗಿ ಬೈದಾಡಿಕೊಂಡಿದ್ದರು, ಆ ಕಡೆಯವರು ಠಾಣೆಯಲ್ಲಿ ಪಿಟಿಷನ್ ಕೊಟ್ಟಿದ್ದರು. ‘ಗೌಡ್ರೇ, ಏನಿಲ್ಲ, ಸುಮ್ನೆ ಒಂದ್ಸಲ ಬಂದು ಹೋಗಿ, ಸಾಹೇಬ್ರು ಕರೀತವ್ರೆ’ ಎಂದು ಕರೆ ಬಂತು. ಬೆಳಿಗ್ಗೆ ಹೋದವರನ್ನು ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆಂದು ಹೇಳಿ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿ, ಫೋನನ್ನು ಮೇಜಿನ ಮೇಲೆ ಇಡಿಸಿಕೊಂಡು, ಕೊನೆಗೆ ಏನು ಬರೆದಿದೆ ಎಂದು ಓದಿ ಹೇಳದೆಯೇ ಮುಚ್ಚಳಿಕೆಗೆ ಸಹಿ ಹಾಕಿಸಿ ಕಳುಹಿಸಿದರು. ಹೊಡೆಯಲಿಲ್ಲ, ಬೈಯಲೂ ಇಲ್ಲ. ಆದರೆ ಆ ದಿನವಿಡೀ ಅವರು ಎದ್ದು ಮನೆಗೆ ಹೋಗುವಂತಿತ್ತೇ? ಇರಲಿಲ್ಲ ಎನ್ನುವುದಾದರೆ ಬಂಧನವೆಂದರೆ ಇನ್ನೇನು?

ಕಾನೂನು ಈ ವಿಷಯದಲ್ಲಿ ಮಸುಕಾಗಿಲ್ಲ. ಬರಿಯ ಬೈಗುಳದಂಥ ಅಸಂಜ್ಞೇಯ, ಅಂದರೆ ವಾರೆಂಟಿಲ್ಲದೆ ಪೊಲೀಸರು ಬಂಧಿಸುವಂತಿಲ್ಲದ, ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಯನ್ನೇ ನಡೆಸುವಂತಿಲ್ಲ. ವಾರೆಂಟಿಲ್ಲದೆ ಬಂಧಿಸಬಹುದಾದ ಸಂಜ್ಞೇಯ ಅಪರಾಧವೇ ಆಗಿದ್ದು ಬಂಧನದ ಅಗತ್ಯ ಕಾಣದಿದ್ದಲ್ಲಿ ಅದೇ ಸಂಹಿತೆಯ 35ನೇ ಕಲಮಿನ 3ನೇ ಉಪಕಲಂ ಪ್ರಕಾರ ನೋಟಿಸ್ ಕೊಟ್ಟು ಕರೆಯಬೇಕು. ನೋಟಿಸಿನಂತೆ ನಡೆದುಕೊಂಡವರನ್ನು ಬಂಧಿಸುವುದಾದರೆ ಕಾರಣ ದಾಖಲಿಸಬೇಕು. ಈ ನೋಟಿಸನ್ನು ವಾಟ್ಸ್ಯಾಪ್‌ನಲ್ಲಿ ಕಳುಹಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾಗಿದ್ದು ವ್ಯಕ್ತಿ ಅಶಕ್ತರೋ ಅರವತ್ತು ಮೀರಿದವರೋ ಆಗಿದ್ದರೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಬಂಧಿಸುವಂತಿಲ್ಲ ಎಂಬುದು ಹೊಸ ಸಂಹಿತೆ ಸೇರಿಸಿದ ಒಳ್ಳೆಯ ಮಾತು. ಬಂಧಿಸದೆ ಸುಮ್ಮನೆ ಕೂರಿಸಿಟ್ಟರೆ ಇದ್ಯಾವುದೂ ಅನ್ವಯಿಸುವುದಿಲ್ಲವೆಂಬುದೇ ಠಾಣೆಯ ಜಾಣತನ.

ಈ ಜಾಣತನ ಹೊಸದಲ್ಲ. 1994ರ ಜನವರಿಯಲ್ಲಿ ಗಾಜಿಯಾಬಾದಿನ ಪೊಲೀಸರು 28 ವರ್ಷದ ಜೋಗಿಂದರ್ ಕುಮಾರ್ ಎಂಬ ವಕೀಲರನ್ನು ವಿಚಾರಣೆಗೆಂದು ಕರೆಸಿಕೊಂಡು ದಿನಗಟ್ಟಲೆ ಇಟ್ಟುಕೊಂಡಾಗ, ಅವರು ಬಂಧನದಲ್ಲೇ ಇರಲಿಲ್ಲ, ತನಿಖೆಗೆ ಸಹಕರಿಸುತ್ತಿದ್ದರಷ್ಟೇ ಎಂದು ಸುಪ್ರೀಂ ಕೋರ್ಟಿನ ಮುಂದೆ ವಾದಿಸಲಾಗಿತ್ತು. ಬಂಧಿಸುವ ಅಧಿಕಾರ ಇರುವುದು ಬೇರೆ, ಅದನ್ನು ಚಲಾಯಿಸಲು ಸಮರ್ಥನೆ ಇರುವುದು ಬೇರೆ ಎಂದು ನ್ಯಾಯಾಲಯ ಆಗ ಹೇಳಿದ್ದು ಇಂದಿಗೂ ಬಂಧನದ ಕುರಿತ ಹಲವು ತೀರ್ಪುಗಳಲ್ಲಿ ಉಲ್ಲೇಖವಾಗುತ್ತಿದೆ. ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆಯಲ್ಲಿ 2021ರ ಮೇ ತಿಂಗಳಲ್ಲಿ ದಲಿತ ಯುವಕನೊಬ್ಬನಿಗೆ ಮೂತ್ರ ನೆಕ್ಕಿಸಿದರೆಂಬ ಆರೋಪ ಕೇಳಿಬಂದು, ಸಬ್‌ಇನ್‌ಸ್ಪೆಕ್ಟರ್ ಅಮಾನತಾಗಿ, ಸಿಐಡಿ ತನಿಖೆ ನಡೆದು, ಅವರ ಬಂಧನವೂ ಆದದ್ದನ್ನು ಓದುಗರು ಮರೆತಿರಲಾರರು. ಅಲ್ಲಿಯೂ ಆ ಯುವಕ ಠಾಣೆ ಸೇರಿದ್ದು ವಾರೆಂಟಿನ ಮೇಲಲ್ಲ, ‘ವಿಚಾರಣೆ’ಯ ಹೆಸರಿನಲ್ಲಿ.

ಪೊಲೀಸರನ್ನಷ್ಟೇ ದೂರಿ ಮುಗಿಸಲು ನನಗೆ ಮನಸ್ಸಿಲ್ಲ. ಎದುರಾಳಿಯನ್ನು ಒಮ್ಮೆ ಠಾಣೆಗೆ ಕರೆಸಿ ಬುದ್ಧಿ ಹೇಳಿಸಿ ಎಂದು ಮುಖಂಡರ ಹಿಂದೆ ಬೀಳುವವರು ನಾವೇ. ಸಿವಿಲ್ ದಾವೆ ಹೂಡಿದರೆ ವರ್ಷಗಟ್ಟಲೆ ಅಲೆಯಬೇಕು, ಠಾಣೆಯಲ್ಲಾದರೆ ಒಂದೇ ದಿನದಲ್ಲಿ ಪಂಚಾಯ್ತಿ ಮುಗಿಯುತ್ತದೆ ಎಂಬ ಲೆಕ್ಕಾಚಾರ ನಮ್ಮದು. ಬಂದೋಬಸ್ತು, ಸಮನ್ಸ್ ಜಾರಿ, ತನಿಖೆ ಎಲ್ಲವನ್ನೂ ಬೆರಳೆಣಿಕೆಯ ಸಿಬ್ಬಂದಿಯಲ್ಲೇ ತೂಗಿಸುವ ಪೇದೆಗೂ ಫೋನ್ ಕರೆಯೇ ಸುಲಭ. ಆ ಬೆಂಚಿನ ಮೇಲೆ ಇಂದು ಕುಳಿತವನು ಎದುರಾಳಿಯಾದ್ದರಿಂದ ನಮಗದು ಅನ್ಯಾಯವಾಗಿ ಕಾಣುವುದಿಲ್ಲ.

ಇನ್ನೊಂದು ಸಂಗತಿ ಮಲೆನಾಡಿನವರೇ ಎತ್ತಬೇಕಾದದ್ದು. ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ, ಬರಹದಲ್ಲಿ, ಎಲ್ಲ ಬಗೆಯ ಅಪರಾಧಗಳಲ್ಲೂ ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ತೀರ್ಪು ನೀಡಿದೆ. ತಕ್ಷಣ ಸಾಧ್ಯವಾಗದಿದ್ದರೆ ಬಾಯಿಮಾತಿನಲ್ಲಿ ತಿಳಿಸಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಬರಹ ಕೈಸೇರಬೇಕು. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂನಿಂದ ಬಂದ ಕಾರ್ಮಿಕರಿದ್ದಾರೆ. ಕಳವಿನ ಅನುಮಾನ ಮೊದಲು ಅವರ ಮೇಲೆಯೇ ಬೀಳುತ್ತದೆ. ಅವರ ಭಾಷೆಯಲ್ಲಿ ಬರೆದುಕೊಡುವವರು ನಮ್ಮ ಯಾವ ಠಾಣೆಯಲ್ಲಿದ್ದಾರೆ? ತೋಟದ ಮಾಲೀಕರ ಸಂಘಗಳೂ ವಕೀಲರ ಸಂಘಗಳೂ ಕುಳಿತು ಮಾತನಾಡಬೇಕಾದ ವಿಷಯವಿದು. ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ ಉಚಿತ ಕಾನೂನು ನೆರವಿನ ಹಕ್ಕಿದೆ, 15100ಕ್ಕೆ ಕರೆ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರದ ಸಂಪರ್ಕ ಸಿಗುತ್ತದೆ.

ಸಂಹಿತೆಯ 37ನೇ ಕಲಂ ಪ್ರಕಾರ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪವನ್ನು ದಾಖಲಿಸಿಡಬೇಕು ಮತ್ತು ಅದನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಗೆಳೆಯರು ಪಾಸ್‌ಪೋರ್ಟಿಗೋ ಬೇರೆ ಕೆಲಸಕ್ಕೋ ಠಾಣೆಗೆ ಹೋದಾಗ ಅಂಥ ಫಲಕ ಇದೆಯೇ, ಅದರ ಮೇಲಿನ ದಿನಾಂಕ ಯಾವುದು ಎಂದು ನೋಡಿ ಇಲ್ಲಿ ಬರೆಯಿರಿ. ಇಲ್ಲದ ಠಾಣೆಗಳ ಪಟ್ಟಿ ಮಾಡಿ ಮಾಹಿತಿ ಹಕ್ಕಿನ ಅರ್ಜಿಯನ್ನು ನಾನೇ ಹಾಕುತ್ತೇನೆ.