ನದಿಯ ಈಚೆಯವರೇನು ಸೋಮಾರಿಗಳಾ?

ನಾನಿರುವುದು ಕೆನಡಾದ ವಿಂಡ್ಸರ್‌ನಲ್ಲಿ. ನದಿ ದಾಟಿದರೆ ಅಮೆರಿಕದ ಡೆಟ್ರಾಯಿಟ್. ವಿಚಿತ್ರ ಅಂದ್ರೆ ಇಲ್ಲಿ ಅಮೆರಿಕ ಇರುವುದು ಉತ್ತರಕ್ಕೆ, ಕೆನಡಾ ದಕ್ಷಿಣಕ್ಕೆ. ಹೊಸಬರಿಗೆ ಇದನ್ನು ನಕ್ಷೆ ತೆಗೆದೇ ತೋರಿಸಬೇಕು. 1929ರಲ್ಲಿ ತೆರೆದ ಅಂಬಾಸಡರ್ ಸೇತುವೆ ಮೇಲೆ ಕಾರಿನ ಬಿಡಿಭಾಗ ತುಂಬಿದ ಲಾರಿಗಳು ಹಗಲು ರಾತ್ರಿ ಓಡಾಡುತ್ತವೆ.

ನನ್ನದು ಮೋಲ್ಡ್ ಶಾಪಿನ ಕೆಲಸ. ಬಂಪರ್, ಡ್ಯಾಶ್‌ಬೋರ್ಡ್ ತಯಾರಾಗುವ ಉಕ್ಕಿನ ಅಚ್ಚುಗಳನ್ನು ಕೊರೆಯುತ್ತೇವೆ. 2024ರ ಮಾರ್ಚ್‌ನಲ್ಲಿ ಇಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಕೆನಡಾದ ಹಿರಿಯ ಉಪ ಗವರ್ನರ್ ಕ್ಯಾರೊಲಿನ್ ರೋಜರ್ಸ್ ಒಂದು ಲೆಕ್ಕ ಹೇಳಿದರು. 1984ರಲ್ಲಿ ಅಮೆರಿಕ ಒಂದು ಗಂಟೆ ದುಡಿದು 100 ರೂಪಾಯಿಯಷ್ಟು ಮೌಲ್ಯ ಹುಟ್ಟಿಸಿದರೆ ಕೆನಡಾ 88ರಷ್ಟು ಹುಟ್ಟಿಸುತ್ತಿತ್ತಂತೆ. 2022ಕ್ಕೆ ಅದು 71ಕ್ಕೆ ಇಳಿದಿದೆ. (ರೂಪಾಯಿ ನನ್ನ ಸೇರ್ಪಡೆ. ಲೆಕ್ಕ ಹಾಕುವಾಗ ನಾಲಿಗೆಗೆ ಬರುವುದು ಅದೇ.) ಇದು ಇಡೀ ದೇಶದ ಆರ್ಥಿಕತೆಯ ಲೆಕ್ಕ, ಬರೀ ಕಾರ್ಖಾನೆಗಳದ್ದಲ್ಲ. ಆದರೆ ಜನ ಅಷ್ಟೆಲ್ಲ ನೋಡ್ತಾರಾ? "ಕೆನಡಾದವರು ಮೈಗಳ್ಳರು" ಅಂತ ತೀರ್ಮಾನ ಮಾಡಿಬಿಟ್ಟರು. ಆಚೆ ದಡದ ನನ್ನ ಗೆಳೆಯನಂತೂ ಈಗಲೂ ರೇಗಿಸುತ್ತಾನೆ.

ಈಚೆ ಆಚೆ ಎರಡೂ ಕಡೆ ಕೆಲಸ ಮಾಡಿದವನು ನಾನು. ಕಂಡದ್ದು ಹೇಳುತ್ತೇನೆ.

ನಮ್ಮ ಶಾಪಿನಲ್ಲಿ ಒಂದು ಉಕ್ಕಿನ ದಿಮ್ಮಿಯನ್ನು ಮಷೀನಿಗೆ ಏರಿಸಿದರೆ ಅದನ್ನು ನೇರ ಕೂರಿಸುವುದೇ ದೊಡ್ಡ ಕೆಲಸ. ಡಯಲ್ (ಚೂರೇ ಓರೆಯಿದ್ದರೂ ಮುಳ್ಳಿನಲ್ಲಿ ತೋರಿಸುವ ಅಳತೆಯ ಸಾಧನ) ಹಚ್ಚಿ, ಮುಳ್ಳು ಎಷ್ಟು ಅಲ್ಲಾಡಿತು ಅಂತ ನೋಡಿ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಮತ್ತೆ ಡಯಲ್. ಒಂದೊಂದು ದಿನ ಎರಡು ಗಂಟೆ ಇದಕ್ಕೇ ಹೋಗುತ್ತದೆ. ಅಷ್ಟು ಹೊತ್ತೂ ಲಕ್ಷಾಂತರ ಡಾಲರಿನ ಮಷೀನು ಸುಮ್ನೆ ನಿಂತಿರುತ್ತದೆ. ಮಿಷಿಗನ್‌ನಲ್ಲಿ ನಾನಿದ್ದ ಶಾಪಿನಲ್ಲಿ ಇದೇ ದಿಮ್ಮಿಯನ್ನು ಮೊದಲೇ ಹೊರಗೆ ಪ್ಯಾಲೆಟ್ ಅನ್ನುವ ಒಂದು ಹಲಗೆಯಂಥ ತಟ್ಟೆಯ ಮೇಲೆ ಬಿಗಿದಿಟ್ಟಿರುತ್ತಿದ್ದರು. ಮಷೀನಿನೊಳಗೆ ಇಟ್ಟರೆ ಟಕ್ ಅಂತ ಕೂರುತ್ತಿತ್ತು. ಐದೇ ನಿಮಿಷ. ರಾತ್ರಿ ನಾವು ಲೈಟ್ ಆರಿಸಿ ಮನೆಗೆ ಹೋದರೂ ಕಟರ್ ಓಡುತ್ತಲೇ ಇರುತ್ತಿತ್ತು. ಅಲ್ಲಿ ನಾನು ಜಾಸ್ತಿ ಬೆವರು ಸುರಿಸಲಿಲ್ಲ. ನಿಜ ಹೇಳಬೇಕೆಂದರೆ ಕಡಿಮೆಯೇ. ಆದರೂ ಲೆಕ್ಕದ ಪುಸ್ತಕದಲ್ಲಿ ನಾನು ದಿಢೀರನೆ "ದಕ್ಷ" ಕಾರ್ಮಿಕ ಆಗಿಬಿಟ್ಟಿದ್ದೆ!

ಹಾಗಾದರೆ ನಮ್ಮ ಮಾಲೀಕರು ಅಂಥ ಮಷೀನು ಯಾಕೆ ತರಲಿಲ್ಲ? ಮುಖ್ಯ ಕಾರಣ ಡಾಲರು. 2002ರ ಜನವರಿಯಲ್ಲಿ ಕೆನಡಾ ಡಾಲರ್ ಅಮೆರಿಕದ 62 ಸೆಂಟಿನ ಹತ್ತಿರಕ್ಕೆ ಬಿದ್ದಿತ್ತು. ಹೊರಗಿನಿಂದ ಮಷೀನು ತರಿಸಬೇಕೆಂದರೆ ದುಬಾರಿ. ಇಲ್ಲಿನ ಕೂಲಿ ಅಮೆರಿಕದವರ ಕಣ್ಣಿಗೆ ಅಗ್ಗ. ಕೈಗೆಲಸ ಇಟ್ಟುಕೊಂಡೇ ಆರ್ಡರ್ ಬರುವಾಗ ಸಾಲ ಮಾಡಿ ಮಷೀನು ತರುವುದು ಯಾರಿಗೆ ಬೇಕು? ಕೆನಡಾ ಡಾಲರ್ ಏರಿ 2007ರಲ್ಲಿ ಅಮೆರಿಕದ ಡಾಲರಿಗೆ ಸಮಸಮ ಆದಾಗ ಇಂಥ ಶಾಪುಗಳಿಗೆ ಬಿಸಿ ಮುಟ್ಟಿತು. ಇನ್ನೊಂದು ಕಾರಣ ನಾವೇ. "ಡಯಲ್ ಹಿಡಿಯಲು ಬಾರದವನು ಎಂಥ ಟೂಲ್ ಮೇಕರ್?" ಅನ್ನುವ ಹಮ್ಮು ನಮ್ಮಲ್ಲಿದೆ. ನನಗೂ ಇತ್ತು.

ಉತ್ಪಾದನೆಯ ಗಾತ್ರದ್ದೂ ಒಂದು ಕಥೆ ಇದೆ. ಕಾರು ವ್ಯಾಪಾರಕ್ಕಾಗಿ ಅಮೆರಿಕ, ಕೆನಡಾ ಮಾಡಿಕೊಂಡ 1965ರ ಆಟೋ ಒಪ್ಪಂದಕ್ಕೆ ಮುಂಚೆ ಸುಂಕದ ಗೋಡೆಯೊಳಗೆ ಕೆನಡಾದ ಕಾರ್ಖಾನೆಗಳು ಸಣ್ಣ ಮಾರುಕಟ್ಟೆಗಾಗಿ ಹತ್ತಾರು ಮಾಡೆಲ್‌ಗಳನ್ನು ಸ್ವಲ್ಪ ಸ್ವಲ್ಪ ಮಾಡುತ್ತಿದ್ದವು. ಮಾಡೆಲ್ ಬದಲಾದಾಗಲೆಲ್ಲ ಲೈನ್ ನಿಲ್ಲಬೇಕು. ಒಪ್ಪಂದ ಬಂದ ಮೇಲೆ ಕೆಲವೇ ಮಾಡೆಲ್, ಎರಡೂ ದೇಶಕ್ಕೆ. ಕಾರ್ಮಿಕರ ಕೈ ಬದಲಾಗಲಿಲ್ಲ, ಗಂಟೆಗೆ ಆಗುವ ಉತ್ಪಾದನೆ ಏರಿತು.

ನನ್ನ ಗೆಳೆಯ ರೇಗಿಸಿದಾಗ ನಾನು ಓಶಾವಾದ ಹೆಸರೆತ್ತುತ್ತೇನೆ. ಟೊರಾಂಟೊ ಪೂರ್ವಕ್ಕಿರುವ ಈ ಊರಿನ ಜಿಎಂ (ಜನರಲ್ ಮೋಟರ್ಸ್) ಕಾರ್ಖಾನೆ ಕಾರು ಜೋಡಿಸಲು ಬೇಕಾಗುವ ಗಂಟೆಗಳನ್ನು ಲೆಕ್ಕ ಹಾಕುವ ಹಾರ್ಬರ್ ವರದಿಯಲ್ಲಿ 2005ರ ಹೊತ್ತಿಗೆ ಇಡೀ ಉತ್ತರ ಅಮೆರಿಕಕ್ಕೇ ಮೊದಲ ಸಾಲಿನಲ್ಲಿತ್ತು. ಒಂದು ಕಾರಿಗೆ ಸುಮಾರು 16 ಗಂಟೆ. ಹಾಗಂತ ಏನು ಸಿಕ್ಕಿತು? ಅದೇ 2005ರ ನವೆಂಬರಿನಲ್ಲಿ ಅಲ್ಲಿನ ಎರಡನೇ ಕಾರು ಘಟಕ ಮುಚ್ಚುವ ಪಟ್ಟಿಗೆ ಸೇರಿತು. 2019ರ ಕೊನೆಗೆ ಓಶಾವಾದಲ್ಲಿ ಗಾಡಿ ಜೋಡಣೆಯೇ ನಿಂತುಹೋಯಿತು. ಮತ್ತೆ ಶುರುವಾದದ್ದು 2021ರಲ್ಲಿ, ಅದೂ ಪಿಕಪ್ ಟ್ರಕ್ಕಿಗಾಗಿ.

ರಜೆಯ ವಿಷಯವೂ ಬರುತ್ತದೆ. ನಮ್ಮ ಪ್ರಾಂತ್ಯ ಒಂಟಾರಿಯೊದಲ್ಲಿ ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ ಎರಡು ವಾರ ಸಂಬಳದ ರಜೆ ಕೊಡಲೇಬೇಕು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಒಂದು ದಿನವೂ ಇಲ್ಲ. "ನೋಡು, ಅದಕ್ಕೇ ನೀವು ಹಿಂದೆ" ಅನ್ನುತ್ತಾನೆ ಗೆಳೆಯ. ಲೆಕ್ಕ ಗಂಟೆಯದ್ದು ಮಾರಾಯ, ವರ್ಷದ್ದಲ್ಲ ಅಂತ ಎಷ್ಟು ಸಲ ಹೇಳಿದರೂ ತಲೆಗೆ ಹೋಗಲ್ಲ.

ಈ ವರ್ಷ ನಮ್ಮ ಶಾಪಿಗೂ ಪ್ಯಾಲೆಟ್ ಮಷೀನು ಬಂತು, ಸೆಕೆಂಡ್ ಹ್ಯಾಂಡ್. ಮೊದಲ ದಿನ ದಿಮ್ಮಿ ಟಕ್ ಅಂತ ಕೂತ ಮೇಲೆ ನಮ್ಮ ಹಿರಿಯ ಟೂಲ್ ಮೇಕರ್ ಜೇಬಿನಿಂದ ಡಯಲ್ ತೆಗೆದು ಒಮ್ಮೆ ಹಚ್ಚಿ ನೋಡಿದರು. ಮುಳ್ಳು ಅಲ್ಲಾಡಲಿಲ್ಲ. ಇನ್ನೊಂದು ಬದಿಗೂ ಹಚ್ಚಿ ನೋಡಿದರು.