ಗದ್ದಲವನ್ನೇ ಕಥೆಯಾಗಿಸಿಕೊಂಡ ಚಿತ್ರ

ಹಳೆಯ ಜಪಾನಿ ಸಿನಿಮಾದ ಮಾತು ಬಂದರೆ ಒಜು, ಕುರೊಸಾವ ಎಂಬ ಇಬ್ಬರು ನಿರ್ದೇಶಕರ ಹೆಸರುಗಳಲ್ಲೇ ನಮ್ಮ ಚರ್ಚೆ ಮುಗಿದುಹೋಗುತ್ತದೆ. ಹೇನೊಸುಕೆ ಗೋಶೊ 1931ರಲ್ಲಿ ಶೋಚಿಕು ಚಿತ್ರಸಂಸ್ಥೆಗಾಗಿ ನಿರ್ದೇಶಿಸಿದ ‘ಮದಾಮು ತೊ ನ್ಯೋಬೊ’ (ಮೇಡಂ ಮತ್ತು ಹೆಂಡತಿ) ಚಿತ್ರವನ್ನು ನೆನೆಯುವವರು ವಿರಳ. ಜಪಾನಿನ ಮೊದಲ ಯಶಸ್ವಿ ಪೂರ್ಣಪ್ರಮಾಣದ ವಾಕ್ಚಿತ್ರವೆಂದು ಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೊಂದು ಸಾಲು ಸಿಗುತ್ತದೆ, ಅಷ್ಟೇ. ಒಂದು ಗಂಟೆಯೂ ಇಲ್ಲದ ಈ ಸಂಸಾರದ ಹಾಸ್ಯಚಿತ್ರವನ್ನು ಅದು ಕೊಡುವ ಸಂತೋಷಕ್ಕಾಗಿಯೇ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಾಟಕಕಾರನೊಬ್ಬ ಬರೆಯಲು ನೆಮ್ಮದಿ ಬೇಕೆಂದು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರಾಚೆಯ ಬಾಡಿಗೆ ಮನೆಗೆ ಬರುತ್ತಾನೆ. ನಾಟಕ ಒಪ್ಪಿಸುವ ದಿನ ಹತ್ತಿರವಾದರೂ ಬರವಣಿಗೆ ಮುಂದೆ ಸಾಗುವುದಿಲ್ಲ. ರಾತ್ರಿ ಕಾಗದದ ಮುಂದೆ ಕುಳಿತರೆ ಬೆಕ್ಕು ಕೂಗುತ್ತದೆ, ಮಗು ಅಳುತ್ತದೆ. ಹಗಲಾದರೆ ಪಕ್ಕದ ಮನೆಯಲ್ಲಿ ಜಾಝ್ ತಂಡದ ತಾಲೀಮು ಶುರುವಾಗುತ್ತದೆ. ಜಗಳಕ್ಕೆಂದು ಅಲ್ಲಿಗೆ ಹೋದವನು ಆ ಮನೆಯ ಆಧುನಿಕ ಮಹಿಳೆಯ ಉಪಚಾರಕ್ಕೆ ಕರಗಿ ಹಾಡು ಕೇಳುತ್ತ ಕುಳಿತುಬಿಡುತ್ತಾನೆ. ಇತ್ತ ಹೆಂಡತಿಗೆ ಹೊಟ್ಟೆಯಲ್ಲಿ ಕಿಚ್ಚು.

ಪರದೆಯ ಪಕ್ಕದಲ್ಲಿದ್ದು ಕಥೆ ಹೇಳುತ್ತಿದ್ದ ಬೆನ್ಶಿಯ ಕಂಠಕ್ಕೇ ಒಗ್ಗಿಹೋಗಿದ್ದ ಪ್ರೇಕ್ಷಕರಿಗೆ ಧ್ವನಿಯೆಂಬುದು ಆಗ ಹೊಸ ಬೆರಗು. ಆ ಬೆರಗನ್ನು ಗೋಶೊ ಮತ್ತು ಚಿತ್ರಕಥೆ ಬರೆದ ಕೊಮಾತ್ಸು ಕಿತಾಮುರ ಎಲ್ಲರ ಮನೆಯಲ್ಲೂ ಇರುವ ಗದ್ದಲದ ರೂಪದಲ್ಲಿ ತಂದರಲ್ಲ, ನನಗೆ ಇಡೀ ಚಿತ್ರದ ಜೀವ ಅಲ್ಲಿದೆ. ಸದ್ದು ಎಲ್ಲಿಂದಲೋ ಬರುತ್ತದೆ, ಕ್ಯಾಮೆರಾ ಮಾತ್ರ ನಾಟಕಕಾರನ ಪಾತ್ರದ ಅತ್ಸುಶಿ ವತಾನಬೆಯ ಮುಖದ ಮೇಲೆ ಇರುತ್ತದೆ, ಆ ಮುಖದಲ್ಲಿ ಸಿಡಿಮಿಡಿ ಸ್ವಲ್ಪಸ್ವಲ್ಪವಾಗಿ ಏರುತ್ತದೆ. ಕಾಣದ ಬೆಕ್ಕೊಂದು ಕಾಣುವ ಮನುಷ್ಯನನ್ನು ಹೀಗೆ ಆಟವಾಡಿಸುವುದು ಮೂಕಿ ಚಿತ್ರದಲ್ಲಿ ಸಾಧ್ಯವೇ ಇರಲಿಲ್ಲ. ಧ್ವನಿಯನ್ನು ಚಿತ್ರೀಕರಣದ ಹೊತ್ತಿನಲ್ಲೇ ಮುದ್ರಿಸಿದ್ದರಿಂದ ಅದರಲ್ಲೊಂದು ಒರಟುತನವಿದೆ. ಆ ಒರಟುತನವೇ ನನಗೆ ಆಪ್ತ. ಅದನ್ನು ಕೇಳುವಾಗ ಆ ಮನೆಯೊಳಗೇ ಕುಳಿತಂತಾಗುತ್ತದೆ.

ಹೆಂಡತಿಯಾಗಿ ಕಿನುಯೊ ತನಾಕ ಇದ್ದಾರೆ. ಮುಂದೆ 1953ರಲ್ಲಿ ತಾವೇ ನಿರ್ದೇಶಕಿಯಾದ ಈ ಮಹಾನ್ ನಟಿ ಇಲ್ಲಿ ಅಸೂಯೆಯನ್ನು ಅಬ್ಬರವಿಲ್ಲದೆ, ಎಳೆಯುವ ದನಿಯಲ್ಲಿ, ಮುನಿಸಿನ ಚಿಕ್ಕಚಿಕ್ಕ ಮಾತುಗಳಲ್ಲಿ ತೋರಿಸುತ್ತಾರೆ. ಕಿಮೋನೊ ತೊಟ್ಟ ತನ್ನನ್ನು ಪಕ್ಕದ ಮನೆಯ ಪಾಶ್ಚಾತ್ಯ ಉಡುಪಿನ ಹೆಣ್ಣಿನೊಂದಿಗೆ ಹೋಲಿಸಿಕೊಂಡು ನೋಯುವ ಅವಳನ್ನು ಚಿತ್ರ ಗೇಲಿ ಮಾಡುವುದಿಲ್ಲ, ಆ ನೆರೆಯಾಕೆಯನ್ನು ಕೆಟ್ಟವಳನ್ನಾಗಿಯೂ ಮಾಡುವುದಿಲ್ಲ. 1931ರ ಅತ್ಯುತ್ತಮ ಜಪಾನಿ ಚಿತ್ರವೆಂದು ‘ಕಿನೆಮಾ ಜುಂಪೊ’ ಸಿನಿಮಾ ಪತ್ರಿಕೆ ಇದನ್ನು ಆರಿಸಿದ್ದು ಕೇವಲ ತಂತ್ರದ ಹೊಸತನಕ್ಕಾಗಿ ಎಂದು ನಾನು ಒಪ್ಪಲಾರೆ.

ಕೊನೆಯಲ್ಲಿ ಸಂಸಾರ ಸಮೇತ ತಿರುಗಾಡಲು ಹೊರಟಾಗ ‘ಮೈ ಬ್ಲೂ ಹೆವನ್’ ಹಾಡಿನ ಧಾಟಿ ಕೇಳಿಬರುತ್ತದೆ. ಇಷ್ಟು ಹೊತ್ತು ಸದ್ದಿಗೆ ಸಿಡುಕುತ್ತಿದ್ದ ಮನುಷ್ಯ ಹೆಂಡತಿಯ ಜೊತೆಗೂಡಿ ಅದನ್ನೇ ಹಾಡಿಕೊಳ್ಳುತ್ತ ನಡೆಯುತ್ತಾನೆ.